ಮನೆಯವರು ಅಲ್ಲೇ ಇರ್ತಾರಾ ಅಂತ ಮೊದಲು ಕೇಳಿ

ವಾರಾಂತ್ಯಕ್ಕೆ ಮಲೆನಾಡು, ಕೊಡಗಿನ ಕಡೆ ಹೊರಡುವ ಬೆಂಗಳೂರಿನವರಿಗೆ ಒಂದು ಬಹಿರಂಗ ಪತ್ರ

ಪ್ರಿಯರೇ,

ಸಾಲು ರಜೆ ಬಂತೆಂದರೆ ನೀವು ಮೊದಲು ಹುಡುಕುವುದು ಉಳಿಯುವ ಜಾಗವನ್ನು. ಬೆಂಗಳೂರಿನಲ್ಲಿರುವ ನನ್ನ ನೆಂಟರಿಷ್ಟರೂ ಅಷ್ಟೆ. ಹೊರಡುವ ವಾರ ಫೋನ್ ಮಾಡಿ, ‘ಹೋಟೆಲ್ ಮಾಡೋದಾ, ಹೋಂಸ್ಟೇ ಮಾಡೋದಾ, ನೀನೇ ಹೇಳು’ ಅನ್ನುತ್ತಾರೆ. ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ಬೆಳೆಯುವ ಮನೆ ನಮ್ಮದು. ನಾವು ಅತಿಥಿಗಳನ್ನು ಇಟ್ಟುಕೊಂಡಿಲ್ಲ. ಅಣ್ಣ-ಅತ್ತಿಗೆ ಇಟ್ಟುಕೊಂಡಿದ್ದಾರೆ, ಅವರ ಮನೆ ನಮ್ಮ ತೋಟದ ಬೇಲಿಯಾಚೆಗೇ ಇದೆ. ಹಾಗಾಗಿ ಈ ವ್ಯವಹಾರದ ಒಳಗನ್ನೂ ಹೊರಗನ್ನೂ ಹತ್ತಿರದಿಂದ ನೋಡಿದ್ದೇನೆ. ಫೋನ್ ಮಾಡಿದವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡು ಎಷ್ಟು, ಫೋಟೊ ಹೇಗಿದೆ ಎಂದು ನೋಡುವ ಮುಂಚೆ ಒಂದು ಮಾತು ಕೇಳಿ: ಮನೆಯವರು ಅಲ್ಲೇ ವಾಸ ಇದ್ದಾರಾ?

ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಮುಕ್ಕಾಲು ಪಾಲು ತೀರ್ಮಾನ ಆಗಿಬಿಡುತ್ತದೆ. ಯಾಕೆಂದರೆ ಈಗ ಫೋನಿನಲ್ಲಿ ಒಂದೇ ಹಣೆಪಟ್ಟಿ ಹೊತ್ತು ಮೂರು ಬಗೆಯ ಜಾಗಗಳು ಕಾಣಿಸುತ್ತವೆ. ಒಂದು, ಸಂಸಾರ ಇರುವ ಮನೆ. ಅದರ ಎರಡು ಮೂರು ಕೋಣೆಯನ್ನು ಬಂದವರಿಗೆ ಕೊಡುತ್ತಾರೆ. ಇನ್ನೊಂದು, ಊರಿನಲ್ಲಿಲ್ಲದ ಯಾರೋ ಕೊಂಡ ಅಥವಾ ಕಟ್ಟಿಸಿದ ಬಂಗಲೆ. ಒಬ್ಬ ಕಾವಲಿನವನು, ಒಬ್ಬ ಅಡುಗೆಯವನು, ಇಡೀ ಮನೆ ನಿಮಗೆ. ಮೂರನೆಯದು ಹದಿನೈದು ಇಪ್ಪತ್ತು ಕೋಣೆ, ಈಜುಕೊಳ, ರಾತ್ರಿ ಬೆಂಕಿ ಹಾಕಿ ಹಾಡು ಹಚ್ಚುವ ಅಂಗಳ ಎಲ್ಲ ಇರುವ ರೆಸಾರ್ಟು. ಹೋಂಸ್ಟೇ ಎಂಬ ಬೋರ್ಡು ಮೂರರ ಮುಂದೆಯೂ ಇರುತ್ತದೆ.

ಸರ್ಕಾರದ ಲೆಕ್ಕದಲ್ಲಿ ಇದು ಗೊಂದಲದ ವಿಷಯವೇ ಅಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮತ್ತು ಹೋಂಸ್ಟೇ ಯೋಜನೆಯಲ್ಲಿ ಕನಿಷ್ಠ 1 ಕೋಣೆ, ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ. ಗೋಲ್ಡ್, ಸಿಲ್ವರ್ ಎಂದು ಎರಡು ದರ್ಜೆ. ಮಾಲೀಕರು ಕುಟುಂಬ ಸಮೇತ ಅಲ್ಲೇ ವಾಸ ಇರಬೇಕು ಎಂಬುದು ಅದರ ಮೊದಲ ಷರತ್ತುಗಳಲ್ಲೊಂದು. ನಮ್ಮ ರಾಜ್ಯದಲ್ಲೂ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಇದು ನಮ್ಮವರೊಬ್ಬರ ಹಟವೂ ಅಲ್ಲ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಕಟ್ಟುನಿಟ್ಟು ಮಾಡಿದ ಕಾನೂನಿನಲ್ಲೂ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ಅತಿಥಿಗಳ ಜೊತೆ ಆ ಮನೆಯಲ್ಲೇ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳು ಇರಕೂಡದು ಎಂದಿದೆ. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟಿರುವ 10,101 ಫ್ಲ್ಯಾಟುಗಳ ಲೈಸೆನ್ಸನ್ನು 2028ರ ನಂತರ ನವೀಕರಿಸುವುದಿಲ್ಲ ಎಂದು 2024ರಲ್ಲಿ ಹೇಳಿಬಿಟ್ಟಿತು. ಅಲ್ಲಿಯ ಸಂಕಟ ಊರಿನವರಿಗೇ ಬಾಡಿಗೆಗೆ ಮನೆ ಸಿಗದಿರುವುದು. ಇಲ್ಲಿಯ ಸಂಕಟ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮನೆಯವರು ಇರುವ ಕಡೆ ನಿಮಗೆ ಏನು ಸಿಗುತ್ತದೆ ಎಂದು ಮೊದಲು ಹೇಳಬೇಕು. ಅತ್ತಿಗೆಯ ಅಡುಗೆಮನೆಯನ್ನೇ ನೋಡಿ. ಶನಿವಾರ ಒಂಬತ್ತು ಜನ ಬರುತ್ತಾರೆ ಎಂದರೆ ಶುಕ್ರವಾರವೇ ನಾಟಿ ಕೋಳಿ ಹೇಳಿಟ್ಟಿರಬೇಕು, ಸಂತೆಯಿಂದ ಸೊಪ್ಪು ತರಿಸಿರಬೇಕು. ಮಳೆಗಾಲವಾದರೆ ಕಳಲೆ ಹೆಚ್ಚಿ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ ಕಹಿ ತೆಗೆಯುವುದು ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುತ್ತಾರೆ. ಅಕ್ಕಿ ತರಿ ಬೇಯಿಸಿ, ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಳ್ಳುತ್ತ ಉಂಡೆ ಕಟ್ಟಿ ಕಡುಬಿನ ಪಾತ್ರೆಯಲ್ಲಿ ಹಬೆಗೆ ಇಡುತ್ತಾರೆ. ಆರಿದ ಮೇಲೆ ಕಟ್ಟಿದರೆ ಒಡೆಯುತ್ತದೆ. ನೀವು ಎಂಟೂವರೆಗೆ ಎದ್ದು ಬರುವಾಗ ಕಡುಬು ಬಿಸಿಯಾಗಿರಬೇಕು, ಒಂಬತ್ತಕ್ಕೆ ತೋಟದಾಳುಗಳ ಕೆಲಸವನ್ನೂ ನೋಡಿಕೊಳ್ಳಬೇಕು. ಹೋಟೆಲಿನಲ್ಲಿ ಈ ಕೆಲಸಕ್ಕೆ ಪಾಳಿಯ ಮೇಲೆ ನಾಲ್ಕು ಜನ ಇರುತ್ತಾರೆ. ಇಲ್ಲಿ ಅತ್ತಿಗೆ, ಸಹಾಯಕ್ಕೆ ಬರುವ ಒಬ್ಬರು, ಅಷ್ಟೆ.

ಹಾಗೆಯೇ ಅಣ್ಣ. ಅವನು ಗೈಡ್ ಅಲ್ಲ, ಆದರೆ ಬೆಳಿಗ್ಗೆ ತೋಟಕ್ಕೆ ಹೋಗುವವನ ಹಿಂದೆ ನೀವೂ ಹೋದರೆ ಅರೇಬಿಕಾ ಎಲೆ ಯಾವುದು, ರೋಬಸ್ಟಾ ಎಲೆ ಯಾವುದು ಎಂದು ಕೈಯಲ್ಲಿ ಮುಟ್ಟಿಸಿ ತೋರಿಸುತ್ತಾನೆ. ಅರೇಬಿಕಾ ಕಾಂಡದ ಸಿಪ್ಪೆ ಸ್ವಲ್ಪ ಉಬ್ಬಿದ್ದರೆ ಅಲ್ಲಿ ಬೆರಳಿಟ್ಟು, ಒಳಗೆ ಬಿಳಿ ಕಾಂಡಕೊರಕ ಕೂತಿದೆ, ಈ ಗಿಡ ಕಿತ್ತು ಸುಡಬೇಕು ಅನ್ನುತ್ತಾನೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತದೆ. ಆ ಎರಡು ಮೂರು ದಿನ ಸಿಗುವುದು ಅಲ್ಲೇ ಇರುವವರು ‘ಈಗ ಬನ್ನಿ’ ಎಂದು ಹೇಳಿದವರಿಗೆ ಮಾತ್ರ. ಯಾವ ಆ್ಯಪಿನಲ್ಲೂ ಆ ತಾರೀಖು ಇರುವುದಿಲ್ಲ.

ಇಂಥ ಮನೆಗಳು ಬಾಗಿಲು ತೆರೆದದ್ದು ಸುಮ್ಮನೆ ಅಲ್ಲ. ಕಾಫಿ ರಫ್ತಿನ ಪಾಲು ನಿಗದಿ ಮಾಡುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದದ ವ್ಯವಸ್ಥೆ 1989ರಲ್ಲಿ ಮುರಿದುಬಿತ್ತು. ಮುಂದೆ 2000ದ ಆಸುಪಾಸಿನಲ್ಲಿ ಬೆಲೆ ನೆಲ ಕಚ್ಚಿದಾಗ ಕೊಯ್ಲಿನ ಕೂಲಿ ಕೊಡುವುದಕ್ಕೂ ಆಗದ ಸ್ಥಿತಿ ಬಂತು. ಆ ವರ್ಷಗಳಲ್ಲಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಎಷ್ಟೋ ಸಣ್ಣ ಬೆಳೆಗಾರರು ಓದಲು ಹೋದ ಮಕ್ಕಳ ಖಾಲಿ ಕೋಣೆಗಳನ್ನು ಸುಣ್ಣ ಬಳಿದು ಅತಿಥಿಗಳಿಗೆ ಕೊಟ್ಟರು. ಹೆಂಚು ಬದಲಾಯಿಸಿದ್ದು, ಬ್ಯಾಂಕಿನ ಕಂತು ಕಟ್ಟಿದ್ದು, ಮಕ್ಕಳ ಫೀಸು ತುಂಬಿದ್ದು ಆ ದುಡ್ಡಿನಲ್ಲಿ. ಅನೇಕ ಮನೆಗಳಲ್ಲಿ ಹೆಂಗಸರ ಕೈಗೆ ಅವರದೇ ಅಂತ ಹಣ ಬಂದದ್ದೂ ಆಗಲೇ. ಈಚೆಗೆ ಕಾಫಿ ಬೆಲೆ ಏರಿದರೂ ಅತ್ತಿಗೆ ಇದನ್ನು ಬಿಟ್ಟಿಲ್ಲದಿರುವುದಕ್ಕೆ ಅದೇ ಕಾರಣ. ನೀವು ಸಂಸಾರಸ್ಥರ ಮನೆಯಲ್ಲಿ ಉಳಿದರೆ ನಿಮ್ಮ ದುಡ್ಡು ಆ ಹಳ್ಳಿಯ ಅಂಗಡಿ, ಆಟೊ, ಕೋಳಿ ಸಾಕಿದವರ ಮನೆ ಎಲ್ಲ ಸುತ್ತಿ ಬರುತ್ತದೆ. ನಾನು ಇದರ ಪರ ಇರುವುದಕ್ಕೆ ಇದು ದೊಡ್ಡ ಕಾರಣ.

ಆದರೆ ಪರ ಇದ್ದೇನೆಂದು ಎಲ್ಲರಿಗೂ ಅದನ್ನೇ ಹೇಳುವುದಿಲ್ಲ. ಆಫೀಸಿನ ಹತ್ತು ಹುಡುಗರು ಸೇರಿ ರಾತ್ರಿ ಎರಡರವರೆಗೆ ಹಾಡು ಹಾಕಿಕೊಂಡು ಕೂರಬೇಕು ಅನ್ನಿಸಿದರೆ ದಯವಿಟ್ಟು ರೆಸಾರ್ಟಿಗೆ ಹೋಗಿ. ಅದರಲ್ಲಿ ತಪ್ಪೇನಿಲ್ಲ, ವಾರವಿಡೀ ದುಡಿದವರಿಗೆ ಅದೂ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕಬಾರದೆಂಬ ನಿಯಮ ಅಲ್ಲಿಗೂ ಅನ್ವಯಿಸುತ್ತದೆ, ಆದರೆ ಒಳಾಂಗಣ ಇರುತ್ತದೆ. ಅಣ್ಣನ ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ನಮ್ಮ ಅಮ್ಮ ಮಲಗಿರುತ್ತಾರೆ, ಎದುರಿನ ಕೋಣೆಯಲ್ಲಿ ಅಣ್ಣನ ಮಗಳು ಪರೀಕ್ಷೆಗೆ ಓದುತ್ತಿರುತ್ತಾಳೆ. ರಾತ್ರಿ ಒಂದಕ್ಕೆ ಅಂಗಳದಲ್ಲಿ ಬಾಟಲಿ ಒಡೆದ ಸದ್ದಾದರೆ ಆ ಮನೆಯವರೆಲ್ಲ ಎದ್ದು ಕೂರುತ್ತಾರೆ. ಬೆಳಿಗ್ಗೆ ಗಾಜಿನ ಚೂರು ಆರಿಸುವವರು ಬರಿಗಾಲಲ್ಲಿ ತೋಟಕ್ಕೆ ಹೋಗುವ ಆಳುಮಕ್ಕಳು.

ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಬರುವವರಿಗೂ ನಾನು ಪೇಟೆಯ ಹೋಟೆಲನ್ನೇ ಹೇಳುತ್ತೇನೆ. ಮಂಡಿ ನೋವಿನವರಿಗೆ ಮಲೆನಾಡಿನ ಮನೆಯ ಮೆಟ್ಟಿಲು, ಜಾರುವ ಅಂಗಳ, ಎತ್ತರದ ಹೊಸ್ತಿಲು ಕಷ್ಟ. ಎದೆನೋವು ಬಂದರೆ ನಮ್ಮ ಮಣ್ಣಿನ ದಾರಿಯಲ್ಲಿ ಜೀಪಿನಲ್ಲಿ ಹೊರಟು ತಾಲ್ಲೂಕು ಆಸ್ಪತ್ರೆ ಮುಟ್ಟಲು ಬೇಕಾಗುವ ಹೊತ್ತು ನಮಗೆ ಗೊತ್ತು. ಪೇಟೆಯ ಹೋಟೆಲಿನಲ್ಲಿ ರಾತ್ರಿಯೆಲ್ಲ ಕೌಂಟರಿನಲ್ಲಿ ಒಬ್ಬರು ಎಚ್ಚರ ಇರುತ್ತಾರೆ, ಲಿಫ್ಟ್ ಇರುತ್ತದೆ, ಕರೆಂಟ್ ಹೋದ ಕೂಡಲೇ ಜನರೇಟರ್ ಹಿಡಿಯುತ್ತದೆ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಮೀಟಿಂಗಿಗೆ ಕೂರಬೇಕಾದವರಿಗೂ ಅದೇ ಸರಿ. ಆಷಾಢದ ಮಳೆಯಲ್ಲಿ ಮರ ಬಿದ್ದು ಲೈನು ಕಡಿದರೆ ನಮ್ಮ ಕಡೆ ಎರಡು ಮೂರು ದಿನ ಕರೆಂಟಿಲ್ಲದೆ ಕಳೆಯುವುದು ವಿಶೇಷವೇನಲ್ಲ. ಅದಕ್ಕೆ ಬಂದವರು ಆಮೇಲೆ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಕಂಬ ಹತ್ತುವ ಲೈನ್‌ಮನ್ ಆ ಮಳೆಯಲ್ಲಿ ಜೀವ ಪಣಕ್ಕಿಟ್ಟು ಕೆಲಸ ಮಾಡುತ್ತಿರುತ್ತಾನೆ, ಅದರ ದಂಡ ಅತ್ತಿಗೆಯ ಮನೆಗೆ ಬೀಳುತ್ತದೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ದೇವಸ್ಥಾನಕ್ಕೆಂದೇ ಬರುವವರಿಗೆ ಎರಡೂ ಬೇಡ. ಧರ್ಮಸ್ಥಳ, ಶೃಂಗೇರಿ, ಹೊರನಾಡುಗಳಲ್ಲಿ ಕ್ಷೇತ್ರದ್ದೇ ವಸತಿಗೃಹಗಳಿವೆ, ಕಡಿಮೆ ದರ, ಚೊಕ್ಕಟ ಕೋಣೆ, ಬೆಳಗಿನ ಪೂಜೆಗೆ ನಡೆದೇ ಹೋಗಬಹುದು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳನ್ನೂ ಮರೆಯಬೇಡಿ. ಮಡಿಕೇರಿಯ ಮಯೂರ ವ್ಯಾಲಿ ವ್ಯೂ ಆಗಲಿ, ಕಮಲಾಪುರದ ಮಯೂರ ಭುವನೇಶ್ವರಿ ಆಗಲಿ, ಇರುವ ಜಾಗವೇ ಅವುಗಳ ದೊಡ್ಡ ಆಸ್ತಿ.

ಕಮಲಾಪುರ ಎಂದಾಗ ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆ ನೆನಪಾಗುತ್ತದೆ. ಗದ್ದೆ ಬಯಲಿಗೆ ಮುಖ ಮಾಡಿದ ಅಲ್ಲಿಯ ಗೆಸ್ಟ್‌ಹೌಸುಗಳು ಹೊರದೇಶದವರಿಗೂ ಪ್ರಿಯವಾಗಿದ್ದವು. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡಗಳೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು, ಮಾರ್ಚ್‌ನಲ್ಲಿ ಜೆಸಿಬಿ ಬಂದವು. ನಂಬಿ ಬಂಡವಾಳ ಹಾಕಿದ ಸ್ಥಳೀಯರೂ ಅಲ್ಲಿದ್ದರು. ನೋಂದಣಿ ಇದೆಯಾ ಎಂದು ನೀವು ಕೇಳುವ ಅಭ್ಯಾಸ ಮಾಡಿಕೊಂಡರೆ ಕಟ್ಟುವವರೂ ಮೊದಲೇ ಯೋಚಿಸುತ್ತಾರೆ. ಅಮೆರಿಕದಿಂದ ಬಂದ ಮಗಳು-ಅಳಿಯನನ್ನು ಕರೆತರುವವರಿಗೆ ಇದು ಇನ್ನೂ ಮುಖ್ಯ. ವಿದೇಶಿ ಪಾಸ್‌ಪೋರ್ಟ್ ಇರುವವರು ಎಲ್ಲೇ ತಂಗಿದರೂ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸುವುದು ಜಾಗ ಕೊಟ್ಟವರ ಹೊಣೆ. ‘ಅದೆಲ್ಲ ಏನೂ ಬೇಡ ಬನ್ನಿ’ ಅನ್ನುವ ಕಡೆ ಹೋಗಬೇಡಿ.

ಈಗ ಯಾರೂ ವಾಸವಿಲ್ಲದ ಬಂಗಲೆಗಳ ವಿಷಯ. ಎರಡು ಮೂರು ಸಂಸಾರ ಒಟ್ಟಿಗೆ ಬಂದಾಗ ಇಡೀ ಮನೆ ಸಿಗುವುದು ಅನುಕೂಲವೇ, ಒಪ್ಪುತ್ತೇನೆ. ಮಕ್ಕಳು ಓಡಾಡಿಕೊಂಡಿರುತ್ತವೆ, ಬೇಕಾದ್ದು ಬೇಯಿಸಿಕೊಳ್ಳಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಪಂಪ್ ಕೆಟ್ಟರೆ, ಮಗುವಿಗೆ ಜ್ವರ ಏರಿದರೆ, ಕರೆ ಹೋಗುವುದು ಬೆಂಗಳೂರಿನಲ್ಲಿರುವ ಮಾಲೀಕರಿಗೆ. ಕಾವಲಿಗಿರುವ ಹುಡುಗ ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ದುಡಿಯಲು ಬಂದವನು, ಒಳ್ಳೆಯವನು, ಆದರೆ ಡಾಕ್ಟರ ಮನೆ ಎಲ್ಲಿ, ಯಾರ ಜೀಪು ಕರೆದರೆ ಬರುತ್ತದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಊರಿನ ಲೆಕ್ಕ ಬೇರೆಯೇ ಇದೆ. ಗುಡ್ಡದ ಮಗ್ಗುಲು ಕಡಿದು ಮಟ್ಟ ಮಾಡಿ, ಕೆಳಗಿನ ಗದ್ದೆಗೆ ಮಣ್ಣು ತುಂಬಿ ಕಟ್ಟಿದ ಕಟ್ಟಡಗಳು ನಮ್ಮ ಸುತ್ತ ಹೆಚ್ಚುತ್ತಿವೆ. ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರು ಸಾಲದ ಮಾರ್ಚ್ ತಿಂಗಳಲ್ಲಿ ಈಜುಕೊಳ ತುಂಬಿಸಲು ಕೊಳವೆಬಾವಿ ಓಡುತ್ತದೆ. ಪಕ್ಕದ ಮನೆಯ ಬಾವಿ ಬತ್ತುತ್ತದೆ. ಮಾಲೀಕರು ಊರಲ್ಲಿದ್ದರೆ ಪಂಚಾಯಿತಿ ಸಭೆಯಲ್ಲಾದರೂ ಎದುರು ಕೂರಿಸಿ ಕೇಳಬಹುದು. ಇಲ್ಲದವರನ್ನು ಕೇಳುವುದು ಹೇಗೆ?

ಗುಡ್ಡ ಕಡಿದ ಜಾಗ ನಿಮ್ಮ ಜೀವಕ್ಕೂ ಸಂಬಂಧಿಸಿದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳು ಜರಿದು ಬಂದುದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದಾದರೆ ಮನೆಯ ಹಿಂದೆ ನೇರ ಕಡಿದ ಬರೆ ಇದೆಯಾ ಎಂದು ಕೇಳಿ, ಹಿಂಭಾಗದ ಫೋಟೊ ಕಳಿಸಲು ಹೇಳಿ. ನಾಚಿಕೆ ಪಡಬೇಡಿ. ಅತ್ತಿಗೆಯಂಥವರು ತಾವೇ ‘ಈ ವಾರ ಮಳೆ ಜಾಸ್ತಿ, ಬರಬೇಡಿ, ದುಡ್ಡು ವಾಪಸ್ ಹಾಕ್ತೀನಿ’ ಅನ್ನುತ್ತಾರೆ. ಹಾಗೆ ಹೇಳುವವರ ನಂಬರನ್ನು ಜೋಪಾನವಾಗಿಟ್ಟುಕೊಳ್ಳಿ.

ಇದಕ್ಕಿಂತ ಹೆಚ್ಚಾಗಿ ನಾನು ಹೆದರುವುದು ಸ್ನಾನದ ಮನೆಯೊಳಗಿನ ಗ್ಯಾಸ್ ಗೀಸರಿಗೆ. ಹೋಂಸ್ಟೇ, ಬಂಗಲೆ, ಸಣ್ಣ ಲಾಡ್ಜು, ಎಲ್ಲ ಕಡೆಯೂ ಇದೆ. ಚಳಿಗೆ ಕಿಟಕಿ ಮುಚ್ಚಿ, ಬಾಗಿಲು ಹಾಕಿಕೊಂಡು, ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುತ್ತ ಹೋದರೆ ಆ ಸಣ್ಣ ಕೋಣೆಯ ಆಮ್ಲಜನಕ ಉರಿಗೆ ಖರ್ಚಾಗುತ್ತದೆ. ಸರಿಯಾಗಿ ಉರಿಯದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ ಎನ್ನಿಸಿದಷ್ಟರಲ್ಲಿ ಮನುಷ್ಯ ಕುಸಿದಿರುತ್ತಾನೆ, ಹೊರಗಿದ್ದವರಿಗೆ ನೀರಿನ ಸದ್ದು ಕೇಳುತ್ತಲೇ ಇರುತ್ತದೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಮಂದಿ ಪ್ರವಾಸಿಗರು, ಮಕ್ಕಳೂ ಸೇರಿ, ಪ್ರಾಣ ಬಿಟ್ಟದ್ದು ಒಂದು ರೆಸಾರ್ಟಿನ ಕೋಣೆಯಲ್ಲಿ, ಚಳಿ ಕಾಯಿಸಲು ಹಚ್ಚಿದ ಗ್ಯಾಸ್ ಹೀಟರಿನಿಂದ ಉಸಿರುಕಟ್ಟಿ. ಗೀಸರ್ ಒಳಗಿದೆಯಾ ಹೊರಗಿದೆಯಾ ಎಂದು ಕೇಳಿ. ಒಳಗಿದ್ದರೆ ಬಕೆಟಿಗೆ ನೀರು ತುಂಬಿಸಿಕೊಂಡು, ಗ್ಯಾಸ್ ಆರಿಸಿ, ಕಿಟಕಿ ತೆರೆದಿಟ್ಟು ಸ್ನಾನ ಮಾಡಿ. ಸೌದೆ ಒಲೆ, ಸೋಲಾರ್ ಅಥವಾ ಕರೆಂಟ್ ಗೀಸರ್ ಇರುವ ಕಡೆಯೇ ಮಕ್ಕಳನ್ನು ಕರೆದೊಯ್ಯಿರಿ.

ಈಜುಕೊಳದ ಚಂದದ ಫೋಟೊ ನೋಡಿ ಬುಕ್ ಮಾಡುವವರಿಗೂ ಒಂದು ಮಾತು. 2024ರ ನವೆಂಬರ್‌ನಲ್ಲಿ ಉಳ್ಳಾಲದ ಹತ್ತಿರ ಕಡಲತೀರದ ಒಂದು ರೆಸಾರ್ಟಿನಲ್ಲಿ ಮೈಸೂರಿನ ಮೂವರು ಹೆಣ್ಣುಮಕ್ಕಳು ಕೊಳದಲ್ಲಿ ಮುಳುಗಿ ತೀರಿಕೊಂಡರು. ಒಬ್ಬಳು ಮುಳುಗುವಾಗ ಮತ್ತೊಬ್ಬಳು, ಅವಳನ್ನು ಹಿಡಿಯಲು ಇನ್ನೊಬ್ಬಳು. ಕಾಯುವವರು ಇದ್ದಾರಾ, ಆಳದ ಗುರುತು ಬರೆದಿದೆಯಾ ಎಂಬುದನ್ನು ದೊಡ್ಡ ಹೋಟೆಲಿನಲ್ಲೂ ನೋಡಿ. ಈ ಒಂದು ವಿಷಯದಲ್ಲಿ ಮನೆ, ಹೋಟೆಲ್ ಎಂಬ ಭೇದವಿಲ್ಲ.

ದುಡ್ಡಿನ ವಿಷಯಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಹೋಟೆಲಿನಲ್ಲಿ ಕೋಣೆಗಿಷ್ಟು, ನಮ್ಮ ಕಡೆಯ ಹೋಂಸ್ಟೇಗಳಲ್ಲಿ ತಲೆಗಿಷ್ಟು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲದೆ ಹೋಲಿಕೆ ತಪ್ಪುತ್ತದೆ. ಉದಾಹರಣೆಗೆ ತಲೆಗೆ 2,500 ರೂಪಾಯಿಯಂತೆ ನಾಲ್ವರಿಗೆ 10,000 ಆಯಿತು. ಪೇಟೆಯ ಹೋಟೆಲಿನಲ್ಲಿ 3,500ರ ಎರಡು ಕೋಣೆ ಸಿಕ್ಕರೆ 7,000. ಆದರೆ ಮನೆಯ ದರದಲ್ಲಿ ಮೂರು ಹೊತ್ತಿನ ಊಟ, ಸಂಜೆಯ ಕಾಫಿ, ಕೆಲವು ಕಡೆ ಜೀಪಿನ ಓಡಾಟವೂ ಸೇರಿರುತ್ತದೆ. ಹೋಟೆಲಿನ ದರದ ಮೇಲೆ ಮಧ್ಯಾಹ್ನ, ರಾತ್ರಿಯ ಊಟ ಕೂಡಿಸಬೇಕು, ಜಿಎಸ್‌ಟಿಯನ್ನೂ ಕೂಡಿಸಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಆ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ, ಅದಕ್ಕಿಂತ ಮೇಲಿನದಕ್ಕೆ ಶೇ 18. ಇಬ್ಬರೇ ಬರುವುದಾದರೆ ಮನೆ ಅಗ್ಗ ಬೀಳಬಹುದು, ಐದಾರು ಜನರಾದರೆ ಹೋಟೆಲ್ ಅಗ್ಗ ಬೀಳಬಹುದು. ಒಟ್ಟು ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಎರಡು ಕಡೆಯೂ ಒಂದೇ ರೀತಿ ಕೇಳಿ ಬರೆದಿಟ್ಟುಕೊಳ್ಳಿ.

ಅಡ್ವಾನ್ಸ್ ಹಾಕುವ ಮೊದಲು ವಿಡಿಯೊ ಕಾಲ್ ಮಾಡಿ, ಮನೆಯವರ ಮುಖ ನೋಡಿ ಮಾತಾಡಿ. ಬೇರೆಯವರ ಮನೆಯ ಫೋಟೊ ಕದ್ದು, ತಮ್ಮ ನಂಬರ್ ಹಾಕಿ, ಕ್ಯೂಆರ್ ಕೋಡ್ ಕಳಿಸಿ ದುಡ್ಡು ಎಗರಿಸುವವರು ಇದ್ದಾರೆ. ಗೇಟಿನ ಮುಂದೆ ಕಾರು ನಿಲ್ಲಿಸಿ ‘ಬುಕಿಂಗ್ ಮಾಡಿದ್ದೀವಿ’ ಅನ್ನುವ ಸಂಸಾರಕ್ಕೆ ‘ಅದು ನಮ್ಮ ನಂಬರ್ ಅಲ್ಲವಲ್ಲಮ್ಮ’ ಎಂದು ಅತ್ತಿಗೆ ಹೇಳಬೇಕಾಗಿ ಬಂದಿದೆ. ಕೋಣೆ ತುಂಬಿದ್ದರಿಂದ ಊಟ ಹಾಕಿ ಕಳಿಸಿದರು. ಹೀಗೆ ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಗೆಂದೇ ಇರುವ ನಂಬರ್ ಅದು. ಗುರುತಿಗೆ ಆಧಾರ್ ಕೇಳಿದರೆ ಮೊದಲ 8 ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಕೊಡಬಹುದು.

ಇನ್ನು ಆನೆ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಆನೆ ಈಗ ದಿನನಿತ್ಯದ ಮಾತು. ಅರಣ್ಯ ಇಲಾಖೆಯವರು ಇವತ್ತು ಯಾವ ತೋಟದಲ್ಲಿವೆ ಎಂದು ಮೊಬೈಲಿಗೆ ತಿಳಿಸುತ್ತಾರೆ, ಆ ಸಂದೇಶ ಬರುವುದು ಊರಲ್ಲಿರುವವರ ಫೋನಿಗೆ. ಮ್ಯಾಪ್ ತೋರಿಸಿದ ಅಡ್ಡದಾರಿಯಲ್ಲಿ ರಾತ್ರಿ ಹತ್ತಕ್ಕೆ ಬರುವ ಕಾರಿಗೆ ಅದು ಗೊತ್ತಾಗುವುದಿಲ್ಲ. ಶುಕ್ರವಾರ ಆಫೀಸು ಮುಗಿಸಿಯೇ ಹೊರಡುವುದಾದರೆ ಆ ರಾತ್ರಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಹೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ತಿಂಡಿ ಹೊತ್ತಿಗೆ ತೋಟದ ಮನೆಗೆ ಬನ್ನಿ. ಎರಡನ್ನೂ ಹೀಗೆ ಜೋಡಿಸಿಕೊಳ್ಳುವವರು ಕಡಿಮೆ, ನನಗೆ ಕಂಡಂತೆ ಇದೇ ಎಲ್ಲಕ್ಕಿಂತ ಒಳ್ಳೆಯ ಏರ್ಪಾಟು.

ಮನೆಗೇ ಬರುವುದೆಂದು ನಿಶ್ಚಯ ಮಾಡಿದ ಮೇಲೆ ಎಷ್ಟು ಜನ, ಅದರಲ್ಲಿ ಮಾಂಸ ತಿನ್ನದವರು ಎಷ್ಟು, ಮಕ್ಕಳೆಷ್ಟು ಎಂಬುದನ್ನು ಬುಧವಾರದೊಳಗೆ ತಿಳಿಸಿ, ಗುರುವಾರ ಸಂತೆ ಇರುತ್ತದೆ. ಬರಲಾಗದಿದ್ದರೆ ಅದನ್ನೂ ಆಗಲೇ ಹೇಳಿಬಿಡಿ, ಕೋಣೆ ಬೇರೆ ಯಾರಿಗಾದರೂ ಸಿಗುತ್ತದೆ.

ಇಂತಿ ನಿಮ್ಮ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ್ತಿ